ಕೆಂಪು ಸಹಿಯ ರೆಕಾರ್ಡ್ ಪುಸ್ತಕ

ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ರೆಕಾರ್ಡ್ ಪುಸ್ತಕವೊಂದು ಬೀಗುತ್ತಿತ್ತು. ಅಸೈನ್‌ಮೆಂಟು, ಟೆಸ್ಟುಗಳ ನಡುವೆಯೂ ಭಾರ್ಗವಿ ಸೀನಿಯರೊಬ್ಬಳ ಪುಸ್ತಕ ನೋಡಿಕೊಂಡು ಈ ರೆಕಾರ್ಡಿನೊಳಗೆ ಇಪ್ಪತ್ತು ಪ್ರೋಗ್ರಾಂ ದುಂಡಗೆ ಬರೆದಿದ್ದಳು; ಪುಟಪುಟಕ್ಕೂ ಮೇಷ್ಟ್ರ ಕೆಂಪು ಸಹಿ.

"ಹೋದ ವರ್ಷ ಈಕೆಯ ಬೆರಳುಗಳು ನನ್ನ ಮೇಲೆ ಕುಣಿಯುತ್ತಿದ್ದವು. ಈಗಲೂ ದಿನಕ್ಕೆ ಹತ್ತು ನಿಮಿಷ ಕೂತರೆ ಸಾಕು," ಎಂದಿತು ಕೀಬೋರ್ಡ್.

"ಆಕೆಗೆಲ್ಲಿ ಪುರುಸೊತ್ತು? ಎಲ್ಲವೂ ನನ್ನಲ್ಲಿ ಭದ್ರವಾಗಿದೆ," ಎಂದಿತು ಪುಸ್ತಕ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಪರೀಕ್ಷಕರು ಪುಸ್ತಕವನ್ನು ಮುಚ್ಚಿಟ್ಟು, ಅದರ ಮೂರನೆಯ ಪ್ರೋಗ್ರಾಮನ್ನೇ ಮಾಡಿ ತೋರಿಸು ಎಂದರು. ಪುಸ್ತಕ ಹಿಗ್ಗಿತು. ಭಾರ್ಗವಿಯ ಬೆರಳುಗಳು ಕೀಬೋರ್ಡಿನ ಮೇಲೆ ಮರಗಟ್ಟಿ ನಿಂತವು. ಒಂದು ಸಾಲೂ ಹೊರಡಲಿಲ್ಲ.

ಪುಸ್ತಕ ಉದ್ಗರಿಸಿತು: "ಅಯ್ಯೋ, ನನಗದು ಬಾಯಿಪಾಠವಾಗಿದೆಯಲ್ಲ! ಹಾಗಾದರೆ ವರ್ಷವಿಡೀ ಕಲಿತದ್ದು ನಾನೇ?"