ದಾವಲ ಮಳಿಗೆ ಬಿಟ್ಟುಕೊಟ್ಟದ್ದು

ಕೂತಿದ್ದೀರಾ ಎಲ್ಲರೂ? ಕೂತಿದ್ದರೆ ಕೇಳಿ. ನಿದ್ದೆ ಬಂದರೆ ಮಲಗಿಕೊಂಡೇ ಕೇಳಿ, ನನಗೇನೂ ಬೇಜಾರಿಲ್ಲ. ಹಾಸಿಗೆ ಅಂಗಡಿಯ ಕತೆ ಇದು, ಎಚ್ಚರ ಇದ್ದವರಿಗಿಂತ ತೂಕಡಿಸುವವರಿಗೇ ಚೆನ್ನಾಗಿ ತಿಳಿಯುತ್ತದೆ.

ಒಂದು ಪೇಟೆ. ಪೇಟೆಯ ನಡುಬೀದಿಯಲ್ಲಿ ಒಂದು ಹಾಸಿಗೆ ಅಂಗಡಿ. ಅಂಗಡಿಯಲ್ಲಿ ತಾಯಿ ಮೌಲಬಿ, ಮಗ ದಾವಲ. ಪಿಂಜಾರರ ಮನೆತನ, ಹತ್ತಿ ಹಿಂಜುವುದು, ಗಾದಿ ತಲೆದಿಂಬು ಹೊಲಿದು ಮಾರುವುದು ಕಸುಬು. ದಾವಲ ಬಿಲ್ಲು ಹಿಡಿದು ಡಂಯ್ ಡಂಯ್ ಎಂದು ಹಿಂಜತೊಡಗಿದರೆ ಅರಳೆ ಎದ್ದು ಬಿಸಿಲಿನಲ್ಲಿ ತೇಲುತ್ತಿತ್ತು. ಆ ಸದ್ದಿಗೆ ಎದುರಿನ ಕಿರಾಣಿ ಅಂಗಡಿಯವನು ತಕ್ಕಡಿ ಕೈಯಲ್ಲಿದ್ದ ಹಾಗೇ ಕಣ್ಣು ಮುಚ್ಚುತ್ತಿದ್ದ. ದಾವಲನ ಕೈ ಬಲು ಚೊಕ್ಕ. ತಲೆಯ ಮಾತು ಬೇಡ. ತಲೆಯೊಳಗೂ ಅರಳೆಯೇ ತುಂಬಿದೆ ಎಂದು ಪೇಟೆಯವರು ನಗುತ್ತಿದ್ದರು. ವಯಸ್ಸು ಮೂವತ್ತಾದರೂ ಹೇಳಿದ್ದನ್ನು ಹೇಳಿದಷ್ಟೇ, ಹೇಳಿದ ಹಾಗೇ ಮಾಡುವವನು. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆ ಇಲ್ಲ. ಅದೇ ಮೌಲಬಿಗೆ ತಲೆನೋವು.

ಆ ಮಳಿಗೆ ಅವರದಲ್ಲ, ಬಾಡಿಗೆಯದು. ದೊಡ್ಡ ಧಣಿ ಬದುಕಿದ್ದಷ್ಟು ಕಾಲ ಕಾಗದ ಪತ್ರ ಅಂತ ಏನೂ ಇರಲಿಲ್ಲ. ಮೂವತ್ತು ವರ್ಷ ಬಾಯಿಮಾತಿನಲ್ಲೇ ನಡೆದಿತ್ತು. ಧಣಿ ತೀರಿಕೊಂಡ, ಮಗ ಕುಬೇರಪ್ಪ ಬಂದ, ಬರುವಾಗಲೇ ಛಾಪಾ ಕಾಗದ ಹಿಡಿದುಕೊಂಡು ಬಂದ. ಹನ್ನೊಂದು ತಿಂಗಳ ಕರಾರು, ಒಂದು ಷರತ್ತು ಮುರಿದರೂ ಮಳಿಗೆ ಖಾಲಿ ಮಾಡಬೇಕು ಎಂದು ಬರೆಸಿದ. ಬೂಟಿನ ಶೋರೂಮಿನವರಿಗೆ ಆ ಜಾಗ ಕೊಡಬೇಕೆಂಬ ಆಸೆ ಅವನಿಗಿತ್ತು, ಅದು ಪೇಟೆಗೆಲ್ಲ ಗೊತ್ತಿತ್ತು. ಮೌಲಬಿಗೆ ಓದು ಬರದು. ಕಚೇರಿಯ ಮುಂದೆ ಮೇಜು ಹಾಕಿಕೊಂಡು ಪತ್ರ ಬರೆಯುವ ಗುಂಡಾಚಾರರು ಓದಿ ಹೇಳಿದರು, ಅವಳು ಹೆಬ್ಬೆಟ್ಟು ಒತ್ತಿದಳು. ಆ ಮಳಿಗೆ ಹೋದರೆ ಬಿಲ್ಲು ತೂಗುಹಾಕಲು ಇನ್ನೊಂದು ತೊಲೆ ಅವಳಿಗೆಲ್ಲಿ? ತಾನು ಸತ್ತ ಮೇಲೆ ಈ ಪೆದ್ದನಿಗೆ ನೆರಳೆಲ್ಲಿ? ಅವಳ ಜೀವ ಹೆದರುತ್ತಿದ್ದದ್ದು ಅದಕ್ಕೇ.

ಇಂಥ ಹೊತ್ತಿಗೆ ಅವಳಿಗೆ ಮೊಣಕಾಲು ಹಿಡಿದುಕೊಂಡಿತು. ಮನೆಯಲ್ಲೇ ಉಳಿಯಬೇಕಾಯಿತು. ಮಗನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು.

"ದಾವಲಾ, ಕರಾರಿನಾಗ ಬರದೈತಿ. ಮಳಿಗಿ ಒಳಗ ನಾವಷ್ಟ ಇರಬೇಕು. ಬ್ಯಾರೇ ಯಾರನ್ನೂ ಒಳಗ ಕಾಲೂರಾಕ ಬಿಡಬ್ಯಾಡ."

"ಬಿಡಂಗಿಲ್ಲವ್ವಾ" ಎಂದ ದಾವಲ.

ಬಿಡಲಿಲ್ಲ ನೋಡಿ. ಮರುದಿನ ಮದುವೆ ಮನೆಯವರು ಜೋಡಿ ಗಾದಿ ಕೊಳ್ಳಲು ಬಂದರು. ದಾವಲ ಬಾಗಿಲಿಗೆ ಅಡ್ಡ ನಿಂತ. ಒಳಗೆ ಬರಬೇಡಿ, ಕರಾರಿದೆ ಎಂದ. ತಲೆದಿಂಬುಗಳನ್ನು ಒಳಗಿನಿಂದ ಒಂದೊಂದಾಗಿ ರಸ್ತೆಗೆ ಎಸೆದ, ಹಿಡಿದು ನೋಡಿಕೊಳ್ಳಿ ಎಂದ. ಒಂದು ದಿಂಬು ಬೀಗರ ರುಮಾಲಿನ ಮೇಲೆ ಬಿತ್ತು, ಇನ್ನೊಂದು ಎಮ್ಮೆಯ ಬೆನ್ನ ಮೇಲೆ ಕೂತು ಊರು ಬಿಟ್ಟಿತು. ಮದುಮಗನ ಸೋದರಮಾವ ಮೆಲ್ಲಗೆ ಒಳಗೆ ನುಗ್ಗಿ ಗಾದಿ ಎಷ್ಟು ಮೆತ್ತಗಿದೆ ನೋಡೋಣ ಎಂದು ಮೈ ಚಾಚಿದ. ದಾವಲ ಅವನ ಎರಡೂ ಕಾಲು ಹಿಡಿದು ಎಳೆದು, ಹೊಸ್ತಿಲ ಆಚೆ ಇಟ್ಟು, ಧೂಳು ಕೊಡವಿ ಕೈಮುಗಿದ. ಮದುವೆ ಮನೆಯವರು ಬೇರೆ ಊರಿಗೆ ಹೋಗಿ ಗಾದಿ ಕೊಂಡರು.

ಸುದ್ದಿ ಕೇಳಿ ಮೌಲಬಿ ಹಣೆ ಹಣೆ ಬಡಿದುಕೊಂಡಳು.

"ನೀ ಹೇಳಿದಂಗ ಮಾಡೀನವ್ವಾ" ಎಂದ ದಾವಲ.

ಗಿರಾಕಿಗಳನ್ನು ಹಾಗೆ ಮಾಡುತ್ತಾರೇನೋ ಎಂದು ಬೈದಳು. ಬಂದವರನ್ನು ಒಳಗೆ ಕರಿ, ನೀರು ಕೊಡು, ಮಲಗಿ ನೋಡಿ ಅಂತ ಹೇಳು, ಅವರಾಗಿ ಏಳುವ ತನಕ ಎಬ್ಬಿಸಬೇಡ, ಹಾಗೆ ಮಾಡಿದರೇ ವ್ಯಾಪಾರ ಎಂದು ಬುದ್ಧಿ ಹೇಳಿದಳು. ದಾವಲ ತಲೆಯಾಡಿಸಿದ.

ಆಮೇಲಿನ ವಾರದ ಒಂದು ಮಧ್ಯಾಹ್ನ. ಬಿಸಿಲು ಏರಿತ್ತು, ಬೀದಿಯಲ್ಲಿ ಗಾಳಿ ನಿಂತಿತ್ತು. ಕೊತ್ತಂಬರಿ ಮಾರುವವಳು ಬಂದು ನೆರಳಿಗೆ ನಿಂತಳು. ದಾವಲ ಒಳಗೆ ಕರೆದ, ನೀರು ಕೊಟ್ಟ, ಮಲಗಿ ನೋಡವ್ವಾ ಎಂದ. ಅವಳು ಮಲಗಿದಳು, ಕಣ್ಣು ಹತ್ತಿತು. ಹಮಾಲರು ಇಬ್ಬರು ಬಂದರು, ಮಲಗಿದರು. ಅಂಚೆಯವನು ಬಂದ, ಚೀಲವನ್ನೇ ಎದೆಗೆ ಅಪ್ಪಿಕೊಂಡು ಮಲಗಿದ. ಕಿರಾಣಿ ಅಂಗಡಿಯವನು ಮನೆಗೆಂದು ಹೊರಟವನು ದಾರಿ ತಪ್ಪಿ ಇಲ್ಲಿಗೇ ಬಂದ. ದಾವಲ ಯಾರನ್ನೂ ಎಬ್ಬಿಸಲಿಲ್ಲ. ಅವರಿಗೆಲ್ಲ ಒಳ್ಳೇ ನಿದ್ದೆ ಬರಲಿ ಎಂದು ಮೂಲೆಯಲ್ಲಿ ಕೂತು ಮೆಲ್ಲಗೆ ಬಿಲ್ಲು ಮೀಟಿದ. ಡಂಯ್... ಡಂಯ್... ಅರಳೆ ಮೇಲೆದ್ದು, ಕಿಟಕಿಯ ಬೆಳಕಿನಲ್ಲಿ ಸುಳಿದು, ಮಲಗಿದವರ ರೆಪ್ಪೆಯ ಮೇಲೆ ಕೂತಿತು. ಕೊತ್ತಂಬರಿಯವಳು ನಿದ್ದೆಯಲ್ಲಿ ತವರಿನ ಬಾವಿಯಿಂದ ನೀರು ಸೇದುತ್ತಿದ್ದಳು. ಅಂಚೆಯವನು ಯಾರಿಗೂ ಕಾಗದ ಹಂಚಬೇಕಿಲ್ಲದ ಒಂದು ಊರಿನಲ್ಲಿ ಸುಮ್ಮನೆ ತಿರುಗಾಡುತ್ತಿದ್ದ. ಸಂಜೆಯ ಹೊತ್ತಿಗೆ ಮಳಿಗೆಯಲ್ಲಿ ಹನ್ನೊಂದು ಜನ ಉಸಿರಾಡುತ್ತಿದ್ದರು.

ಆಗ ಬಂದ ಕುಬೇರಪ್ಪ. ಬಾಗಿಲಲ್ಲಿ ನಿಂತು ಎಣಿಸಿದ. ಇದು ಅಂಗಡಿಯೋ ಛತ್ರವೋ ಎಂದು ಕೂಗಿದ. ಒಂದು ವ್ಯವಹಾರಕ್ಕೆಂದು ಪಡೆದ ಮಳಿಗೆಯಲ್ಲಿ ಇನ್ನೊಂದು ನಡೆಸುವುದು ಕರಾರಿಗೆ ವಿರುದ್ಧ, ಇನ್ನೊಂದು ಸಲ ಕಂಡರೆ ನೋಟೀಸು ಎಂದ. ಹನ್ನೊಂದು ಜನ ಎದ್ದು ತಮ್ಮ ತಮ್ಮ ಚಪ್ಪಲಿ ಹುಡುಕಿದರು.

ಮೌಲಬಿ ಅತ್ತಳು, ಬೈದಳು. ನೀ ಹೇಳಿದಂಗ ಮಾಡೀನವ್ವಾ ಎಂದ ದಾವಲ. ಅವಳು ಅವನ ಗದ್ದ ಹಿಡಿದು ಮುಖ ಎತ್ತಿದಳು.

"ಕಿವಿಗೊಟ್ಟು ಕೇಳು. ಆ ಮಳಿಗ್ಯಾಗ ಹಾಸಿಗಿ ಮಾರೂದು ಒಂದ ನಡಿಬೇಕು. ಅದನ್ನ ಬಿಟ್ಟು ಮತ್ತೇನೂ ನಡಿಬಾರ್ದು. ಯಾರು ಏನು ಕೇಳಿದ್ರೂ, ಹಾಸಿಗಿ ಬೇಕೇನ್ರಿ ಅಂತ ಕೇಳು. ಅಷ್ಟ."

ಅಷ್ಟೇ ತಾನೆ? ಅಷ್ಟೇ ಮಾಡಿದ ದಾವಲ. ಆದರೆ ಯಾರಿಗೆ ಮಾಡಿದ ಕೇಳಿ. ನಾಲ್ಕು ದಿನ ಬಿಟ್ಟು ಕುಬೇರಪ್ಪನೇ ಬಂದ, ಮತ್ತೇನಾದರೂ ತಪ್ಪು ಸಿಗುತ್ತದೇನೋ ಎಂದು ನೋಡಲು ಬಂದ. ಅವನಿಗೆ ಉಪವಾಸದ ದಿನ, ಮೇಲೆ ಉರಿಬಿಸಿಲು. ಮೆಟ್ಟಿಲು ಹತ್ತುವಾಗ ತಲೆ ತಿರುಗಿತು. ಅಲ್ಲೇ ಕುಸಿದ. ನೀರು ಎಂದ.

ದಾವಲ ಬಗ್ಗಿ ಕೇಳಿದ: "ಹಾಸಿಗಿ ಬೇಕೇನ್ರಿ ಧಣೇರ?"

ಸ್ವಲ್ಪ ಒಳಗೆ ಮಲಗಿಸೋ ಎಂದ ಕುಬೇರಪ್ಪ. ದಾವಲ ಮತ್ತೆ ಅದನ್ನೇ ಕೇಳಿದ. ಬೇಕು ಮಾರಾಯ, ಬೇಕು ಎಂದು ಕುಬೇರಪ್ಪ ಕಣ್ಣು ಮುಚ್ಚಿದ. ದಾವಲನಿಗೆ ಹಿಗ್ಗೋ ಹಿಗ್ಗು. ಧಣಿಯೇ ಗಿರಾಕಿ! ದಾರ ತಂದ. ನೆತ್ತಿಯಿಂದ ಹಿಮ್ಮಡಿಯ ತನಕ ಉದ್ದ ಅಳೆದ, ಹೆಗಲಿಂದ ಹೆಗಲಿಗೆ ಅಗಲ ಅಳೆದ. ಅಳತೆ ಸರಿ ಬರಲಿ ಎಂದು ಕೈಗಳನ್ನು ಎದೆಯ ಮೇಲೆ ಜೋಡಿಸಿದ, ಕಾಲಿನ ಎರಡೂ ಹೆಬ್ಬೆರಳು ಕೂಡಿಸಿ ದಾರ ಸುತ್ತಿದ. ಮೇಲೆ ಹೊಸ ಬಿಳಿ ಬಟ್ಟೆ ಹರಡಿ ಕತ್ತರಿ ತರಲು ಒಳಗೆ ಹೋದ.

ಬೀದಿಯವರಿಗೆ ಕಂಡದ್ದು ಅಷ್ಟೇ. ಒಬ್ಬ ಕುಬೇರಪ್ಪನ ಮನೆಗೆ ಓಡಿದ. ಹೆಂಡತಿ ಅಳುತ್ತಾ ಬಂದಳು, ನೆಂಟರು ಬಂದರು, ಹೂವಾಡಗಿತ್ತಿ ಹಾರ ತಂದಳು. ಯಾರೋ ನೀರು ಚಿಮುಕಿಸಿದರು. ಕುಬೇರಪ್ಪ ಕಣ್ಣು ಬಿಟ್ಟ. ಕೊರಳಲ್ಲಿ ಹಾರ, ಕಾಲಿಗೆ ದಾರ, ತಲೆಯ ಹತ್ತಿರ, ನಮ್ಮ ಭಾವ ಎಂಥ ಒಳ್ಳೆಯವನಾಗಿದ್ದ ಎಂದು ಹೇಳಿಕೊಂಡು ಅಳುವ ಭಾವಮೈದುನ. ಆ ಮಾತು ಕುಬೇರಪ್ಪನಿಗೆ ಹಿಡಿಸಿತು ಅನ್ನಿ, ಮಲಗಿಕೊಂಡೇ ಪೂರ್ತಿ ಕೇಳಿಸಿಕೊಂಡ. ಆಮೇಲೆ ಎದ್ದು ನಿಂತು ಗುಡುಗಿದ. ಈ ತಿಂಗಳಿಗೆ ಕರಾರು ಮುಗಿಯುತ್ತದೆ, ಮುಂದುವರಿಸುವುದಿಲ್ಲ, ಮಳಿಗೆ ಬಿಡಿ ಎಂದ.

ಮೌಲಬಿ ಕುಂಟುತ್ತಾ ಗುಂಡಾಚಾರರ ಮೇಜಿಗೆ ಹೋದಳು. ಅವರು ಕನ್ನಡಕ ಏರಿಸಿ ಓದಿ, ಇಳಿಸಿ ನಿಟ್ಟುಸಿರುಬಿಟ್ಟರು. ಅವಧಿ ಮುಗಿದ ಮೇಲೆ ಮಾಲೀಕ ಬೇಡವೆಂದರೆ ಕರಾರು ನಿಮ್ಮ ಕಡೆ ಇಲ್ಲ ಎಂದರು. ಕೊನೆಯ ಷರತ್ತೊಂದಿದೆ, ಮಳಿಗೆಯನ್ನು ಪಡೆದಾಗ ಹೇಗಿತ್ತೋ ಆ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು, ಅದರಲ್ಲಿ ತಪ್ಪಿದರೆ ಕೋರ್ಟಿಗೆ ಎಳೆಯುತ್ತಾರೆ, ಅಷ್ಟು ಜೋಪಾನ ಮಾಡಿ ಎಂದರು.

ಮನೆಗೆ ಬಂದು ಅದನ್ನೇ ಮಗನಿಗೆ ಹೇಳಿದಳು. ಬೈಯಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ಆಗ ಹೆಂಗಿತ್ತವ್ವಾ ಎಂದು ಕೇಳಿದ ದಾವಲ. ಅವಳು ಗೋಡೆಗೆ ಒರಗಿ ಹೇಳತೊಡಗಿದಳು. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಎಲ್ಲೋ ಹೋಯಿತು, ಮೊಣಕಾಲಿನ ನೋವು ಮರೆತುಹೋಯಿತು. ಮೂವತ್ತು ವರ್ಷದ ಹಿಂದಿನ ಒಂದು ಬೆಳಗನ್ನು ಒಂದೊಂದಾಗಿ ಬಿಡಿಸಿ ಬಿಡಿಸಿ ಹೇಳಿದಳು. ದಾವಲ ಬಾಯಿ ತೆರೆದುಕೊಂಡು ಕೇಳಿದ.

ಕೊಡುವ ದಿನ ಬಂತು. ಬೆಳಿಗ್ಗೆ ಮೌಲಬಿ ಬೀಗದಕೈ ಸೆರಗಿಗೆ ಕಟ್ಟಿಕೊಂಡು ಗುಂಡಾಚಾರರ ಜೊತೆ ಬಂದಳು. ಆ ಕಡೆಯಿಂದ ಕುಬೇರಪ್ಪ, ಅವನ ಹಿಂದೆ ಶೋರೂಮಿನವರು ಇಬ್ಬರು, ಮಿರಮಿರ ಮಿಂಚುವ ಬೂಟು ಹಾಕಿಕೊಂಡು. ಎಲ್ಲರೂ ಬಾಗಿಲಲ್ಲಿ ನಿಂತರು. ನಿಂತವರು ನಿಂತೇ ಇದ್ದರು.

ಬಾಗಿಲಿನ ಒಂದು ಹಲಗೆ ಕಿತ್ತಿತ್ತು. ಗೋಡೆಯ ಸುಣ್ಣವನ್ನೆಲ್ಲ ಕೆರೆದು ಮಣ್ಣು ಕಾಣುವ ಹಾಗೆ ಮಾಡಿತ್ತು. ಜೇಡರ ಬಲೆ ಸಿಗಲಿಲ್ಲವೆಂದು ಅರಳೆಯನ್ನೇ ನವಿರಾಗಿ ಹಿಂಜಿ ಮೂಲೆ ಮೂಲೆಗೆ ಎಳೆದು ಕಟ್ಟಿತ್ತು. ಯಾರದೋ ಮೇಕೆಯೊಂದು ಕಂಬಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ಮಾಡಿನ ನಾಲ್ಕು ಹೆಂಚು ತೆಗೆದಿತ್ತು, ಅಲ್ಲಿಂದ ಒಂದು ಕೋಲು ಬಿಸಿಲು ನೆಲಕ್ಕಿಳಿದಿತ್ತು. ಆ ಬಿಸಿಲಿನಲ್ಲಿ ಒಂದೇ ಒಂದು ಹತ್ತಿ ಮೂಟೆ. ಮೂಟೆಯ ಮೇಲೆ ಕಣ್ಣು ಮುಚ್ಚಿ ಮಲಗಿದ ದಾವಲ. ಅವನ ಎದೆಯ ಮೇಲೆ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಪುಟ್ಟ ದಿಂಬು. ಅದು ಜಾರದ ಹಾಗೆ ಎರಡೂ ಕೈ ಹಿಡಿದುಕೊಂಡಿದ್ದ.

ಮೌಲಬಿ ಹಲಗೆಯ ಅಂಚು ಹಿಡಿದುಕೊಂಡಳು. ಗಂಡ ಇಮಾಮಸಾಬ ಸತ್ತು ಹದಿನೆಂಟು ವರ್ಷವಾಗಿತ್ತು. ಮೂವತ್ತು ವರ್ಷದ ಹಿಂದಿನ ಹಾಗೇ ಅವನು ಅಲ್ಲಿ ಮಲಗಿದ್ದ, ಕೂಸನ್ನು ಎದೆಯ ಮೇಲೆ ಹಾಕಿಕೊಂಡು, ಅದೇ ಬಿಸಿಲಿನಲ್ಲಿ.

ಮಳಿಗೆ ಹಾಳು ಮಾಡಿದರು ಎಂದು ಕುಬೇರಪ್ಪ ಕೂಗಿದ. ಗುಂಡಾಚಾರರು ಕನ್ನಡಕ ಏರಿಸಿ ಕೊನೆಯ ಷರತ್ತನ್ನು ನಿಧಾನವಾಗಿ ಓದಿದರು. ಪಡೆದಾಗ ಹೀಗೇ ಇತ್ತೇನವ್ವಾ ಎಂದು ಕೇಳಿದರು. ಹಿಂಗ ಇತ್ರಿ ಎಂದಳು ಮೌಲಬಿ. ಹಾಗಾದರೆ ಷರತ್ತು ಪೂರೈಸಿದೆ ಎಂದು ಆಚಾರರು ಕಾಗದ ಮಡಿಚಿದರು.

ಕುಬೇರಪ್ಪ ಬೀಗದಕೈ ಕಸಿದುಕೊಂಡ. ದಾವಲನ ಹೆಗಲು ಅಲುಗಿಸಿ ಏಳು ಎಂದ. ಶೋರೂಮಿನವರು ಗಡಿಯಾರ ನೋಡಿಕೊಳ್ಳುತ್ತಿದ್ದರು.

"ಏಳಂಗಿಲ್ರಿ ಧಣೇರ" ಎಂದ ದಾವಲ ಕಣ್ಣು ಮುಚ್ಚಿಕೊಂಡೇ. "ಆಗ ನಿಮ್ಮಪ್ಪಾರು ಬಂದು, ನಮ್ಮಪ್ಪನ ಕೈಯಾಗ ಕೀಲಿ ಇಟ್ಟು, ಏಳಪಾ, ಇವತ್ತಿಂದ ಈ ಮಳಿಗಿ ನಿಂದು, ಬಿಲ್ಲು ಕಟ್ಟು ಅಂದಿದ್ರಂತ. ಅದ ಆಗೂತನಕಾ ಮಳಿಗಿ ಇದ್ದಂಗ ಆಗೂದಿಲ್ಲ."

ಕೈ ಚಾಚಿದ. ಕುಬೇರಪ್ಪನಿಗೆ ಸಾಕು ಸಾಕಾಗಿತ್ತು. ಒಮ್ಮೆ ಎದ್ದು ತೊಲಗಿದರೆ ಸಾಕೆಂದು ಕೀಲಿಯನ್ನು ಆ ಅಂಗೈಯಲ್ಲಿ ಕುಕ್ಕಿ, ಜೋರಾಗಿ ಅಂದ:

"ಏಳಪಾ, ಇವತ್ತಿಂದ ಈ ಮಳಿಗಿ ನಿಂದು, ಬಿಲ್ಲು ಕಟ್ಟು."

ಖಾಲಿ ಮಳಿಗೆಯಲ್ಲಿ ಆ ಮಾತು ಅವನ ಕಿವಿಗೇ ಅವನಪ್ಪನ ಧ್ವನಿಯಲ್ಲಿ ಕೇಳಿಸಿತ್ತು. ಗುಂಡಾಚಾರರು ಕೆಮ್ಮಿದರು. ವರ್ಷದೊಳಗಿನ ಬಾಡಿಗೆಗೆ ಬಾಯಿಮಾತೂ ನಡೆಯುತ್ತದೆ, ಕೀಲಿಯನ್ನೂ ಕೈಯಾರೆ ಕೊಟ್ಟಿರಿ, ಸಾಕ್ಷಿಗೆ ಇಬ್ಬರು ಬೂಟಿನವರಿದ್ದಾರೆ ಎಂದು ಮೆಲ್ಲಗೆ ಹೇಳಿದರು. ಬೂಟಿನವರು ಸಾಕ್ಷಿ ಗೀಕ್ಷಿ ನಮಗೆ ಬೇಡ ಎಂದು ಬಂದ ದಾರಿಯಲ್ಲೇ ನಡೆದರು. ಕುಬೇರಪ್ಪ ಅವರನ್ನು ಕೂಗಲಿಲ್ಲ.

"ನಮ್ಮಪ್ಪ ಖರೇನ ಹಂಗಂದಿದ್ರೇನವ್ವಾ?" ಎಂದು ಮೌಲಬಿಯನ್ನು ಕೇಳಿದ.

"ಅಂದಿದ್ರಪಾ. ನಕ್ಕೋತ ಅಂದಿದ್ರು."

ಕುಬೇರಪ್ಪ ಮೆಟ್ಟಿಲ ಮೇಲೆ ಹೋಗಿ ಕೂತ. ಇರಲಿ ಬಿಡು ಎಂದ. ಯಾರಿಗೆ ಎಂದನೋ.

ಇನ್ನೇನು, ದಾವಲ ಎದ್ದು ಬಿಲ್ಲು ಕಟ್ಟುತ್ತಾನೆ ಎಂದುಕೊಂಡಿರಾ? ಮೌಲಬಿಯೂ ಹಾಗೇ ಅಂದುಕೊಂಡಳು. ಈಗಲಾದರೂ ಏಳೋ ಎಂದಳು. ಆಗ ಅಪ್ಪ ಎದ್ದಿದ್ದನೇನವ್ವಾ ಎಂದು ಅವನು ಕೇಳಿದ. ಅವಳು ನೆನೆಸಿಕೊಂಡಳು. ಮಗನ ಹತ್ತಿರ ಸುಳ್ಳು ಹೇಳಿ ಅವಳಿಗೆ ರೂಢಿಯಿಲ್ಲ. ಇಲ್ಲ, ಎದ್ದಿರಲಿಲ್ಲ, ಕೂಸು ಎದ್ದೀತೆಂದು ಇನ್ನೂ ಒಂದು ತಾಸು ಮಲಗಿದ್ದ ಎಂದಳು.

ದಾವಲ ದಿಂಬನ್ನು ತಬ್ಬಿಕೊಂಡು ಮಗ್ಗುಲಾದ. ನಿಜವಾಗಿಯೇ ನಿದ್ದೆ ಹೋದ.

ಸ್ವಲ್ಪ ಹೊತ್ತಿಗೆ ಗಿರಾಕಿಗಳು ಬಂದರು. ಅಂಗಡಿ ತೆಗೆದಿದೆಯೇ ಎಂದು ಹಲಗೆಯ ಸಂದಿನಿಂದ ಇಣುಕಿದರು. ಮೂಟೆಯ ಪಕ್ಕ ಕೂತು ಮಗನ ತಲೆಯ ಅರಳೆ ಆರಿಸುತ್ತಿದ್ದ ಮೌಲಬಿ ತುಟಿಯ ಮೇಲೆ ಬೆರಳಿಟ್ಟಳು.

"ಒಂದು ತಾಸು ತಡೀರಿ" ಎಂದಳು. "ದಾವಲನ ಅಪ್ಪ ಇನ್ನೂ ಎದ್ದಿಲ್ಲ."