ಛತ್ರದ ಗೋಡೆ, ಬೋರನ ಉಸಿರು

ಮೂರು ಹೊತ್ತು ನಡೆದರೆ ಮುಗಿದುಹೋಗುವಷ್ಟು ಸಣ್ಣದೊಂದು ರಾಜ್ಯವಿತ್ತು. ಅದಕ್ಕೊಬ್ಬ ರಾಜನೂ ಇದ್ದ. ರಾಜ್ಯ ಸಣ್ಣದಾದರೂ ದಾರಿಗಳು ದೊಡ್ಡವು. ನಾಲ್ಕು ದಿಕ್ಕಿನಿಂದ ಬಂದು ಒಂದೂರಲ್ಲಿ ಕೂಡುತ್ತಿದ್ದವು. ಆ ಊರಿಗೆ ಕವಲೂರು ಅಂತ ಹೆಸರು. ಅಲ್ಲೊಂದು ಛತ್ರ. ಛತ್ರಕ್ಕೊಂದು ಉದ್ದನೆ ಗೋಡೆ, ಸುಣ್ಣ ಬಳಿದದ್ದು. ಕೇಳ್ರಪ್ಪ, ಈ ಕತೆ ರಾಜನದಲ್ಲ, ಆ ಗೋಡೆಯದು.

ಗೋಡೆ ಮೇಲೆ ಇದ್ದಿಲಲ್ಲಿ ಬರೆಯುತ್ತಿದ್ದವನು ಗಿರಿಯ. ಒಂದು ಕಡೆ ನಿಲ್ಲುವ ಕಾಲಲ್ಲ ಅವನದು. ಎಲ್ಲಿ ಮದುವೆಯೋ, ಎಲ್ಲಿ ಮೆರವಣಿಗೆಯೋ, ಎಲ್ಲಿ ಭಜನೆಯೋ, ಅಲ್ಲಿಗೆ ಹೋಗಿ ಕಂಬಕ್ಕೊರಗಿ ಕೂತು ಕೇಳುವುದು. ಕವಲೂರಿಗೆ ವಾಪಸು ಬಂದು, ಕೇಳಿದ್ದನ್ನು ಗೋಡೆಗೆ ಬರೆಯುವುದು. ‘ಕೊಂಬಿನ ಕಾಳ: ಶಬ್ದ ಜಾಸ್ತಿ, ಸಂಗೀತ ಕಡಿಮೆ, ಮೆರವಣಿಗೆಗೆ ಸರಿ.’ ‘ಹುಣಸೆಕೊಪ್ಪಲು ತಮಟೆಯವರು: ಬಲು ಚೆಂದ, ಹೆಂಡದಂಗಡಿ ತೆರೆಯುವ ಮುಂಚೆ ಕರೆಸಿ.’ ‘ಮೇಗಲಕೇರಿ ಭಜನೆ: ಮೊದಲನೇ ಪದ ಚೆಂದ, ಎರಡನೇದೂ ಅದೇ.’

ಛತ್ರದಲ್ಲಿ ಇಳಿದುಕೊಂಡವರು ಗಂಜಿ ಬೇಯುವ ತನಕ ಗೋಡೆ ಓದುತ್ತಿದ್ದರು. ಓದು ಬಾರದವರು ಓದಬಲ್ಲವರ ಕೈಲಿ ಓದಿಸಿಕೊಂಡು ನಗುತ್ತಿದ್ದರು. ಮನೆಯಲ್ಲಿ ಶುಭಕಾರ್ಯ ಇದ್ದವರು ಗೋಡೆ ನೋಡಿಯೇ ಮೇಳದವರಿಗೆ ವೀಳ್ಯ ಕೊಡುತ್ತಿದ್ದರು. ಬೈಸಿಕೊಂಡ ಕಾಳ ಕೂಡ ಗೊಣಗುತ್ತಾ, “ಬರೆದದ್ದು ಸುಳ್ಳಲ್ಲ ಬಿಡು” ಅನ್ನುತ್ತಿದ್ದ. ಗೋಡೆಯ ಮಾತು ಅಂದರೆ ಮಾತು.

ಈ ಗಿರಿಯನಿಗೊಬ್ಬ ಗೆಳೆಯ, ಓಲಗದ ಬೋರ. ಇಬ್ಬರೂ ಚಡ್ಡಿ ಹಾಕದ ಕಾಲದಿಂದ ಒಟ್ಟಿಗೆ ಬೆಳೆದವರು. ಗಿರಿಯ ಎಷ್ಟು ಊರು ಸುತ್ತಿ ಎಷ್ಟು ಹೊತ್ತಿಗೆ ಬಂದರೂ ಬೋರನ ಹೆಂಡತಿ ಕೆಂಚಮ್ಮ, “ಕಾಲು ತೊಳ್ಕೊ ಗಿರಿಯಣ್ಣ, ಮುದ್ದೆ ಬಿಸಿ ಐತೆ” ಅನ್ನುವವಳು. ಬೋರನ ಓಲಗದ ನಾದ ಜೇನು. ಆದರೆ ಅದರಲ್ಲೊಂದು ಊನ ಇತ್ತು. ಸ್ವರವನ್ನು ಉದ್ದಕ್ಕೆ ಎಳೆದರೆ ನಡುವೆ ಉಸಿರು ಕಡಿಯುತ್ತಿತ್ತು. ಎಳೆ ತುಂಡಾದ ಹಾಗೆ ಒಂದು ಚಣ ಖಾಲಿ. ಪಕ್ಕದಲ್ಲಿ ಡೋಲು ಬಡಿಯುತ್ತಿದ್ದರಿಂದ ಊರಿಗೆ ಅದು ಕೇಳುತ್ತಿರಲಿಲ್ಲ. ಕಿವಿ ತುಂಬ ಡೋಲೇ ಇದ್ದ ಬೋರನಿಗೂ ತಿಳಿಯುತ್ತಿರಲಿಲ್ಲ. ಕಂಬಕ್ಕೊರಗಿ ಕೂತ ಗಿರಿಯನಿಗೆ ಮಾತ್ರ ಗೊತ್ತಿತ್ತು.

ಒಂದು ವರ್ಷ ಬೋರನಿಗೆ ಕರೆ ಕಡಿಮೆಯಾಯಿತು. ಪಕ್ಕದ ಊರಿನ ಪುಟ್ಟಮಲ್ಲ ಅನ್ನುವ ಓಲಗದವನ ಹೆಸರು ಏರುತ್ತಿತ್ತು. ಅವನ ಮೇಲೆ ಗಿರಿಯನೇ ಬರೆದಿದ್ದ, ‘ಪುಟ್ಟಮಲ್ಲನ ಉಸಿರು ಹೊಳೆ, ಕಡಿಯುವುದಿಲ್ಲ’ ಅಂತ. ಬೋರ ಬಂದು ಜಗಲಿ ಮೇಲೆ ಕೂತ.

“ಲೇ ಗಿರಿಯ, ಊರೋರ ಮೇಲೆಲ್ಲ ಬರೀತೀಯ. ನನ್ನ ಮೇಲೆ ಒಂದು ಸಾಲು ಬರೆಯಕ್ಕೆ ಇದ್ದಿಲು ಸಾಲದಾ?”

“ಬರೀಬೌದಪ್ಪ. ಆದ್ರೆ...”

“ಆದ್ರೆ ಏನ್ಲಾ?”

ಆ ‘ಆದ್ರೆ’ ಗಿರಿಯನ ಗಂಟಲ ತನಕ ಬಂತು. ಬೋರನ ಮುಖ ನೋಡಿದ. ಕೆಂಚಮ್ಮನ ಮುದ್ದೆ ನೆನಪಾಯಿತು. ಮಾತು ವಾಪಸು ಹೋಯಿತು. “ಏನಿಲ್ಲ, ಬರೀತೀನಿ” ಅಂದ. ‘ಬೋರನ ಓಲಗ ಕಿವಿಗೆ ಹಿತ’ ಅಂತ ಬರೆದ. ಅದೇನು ಸುಳ್ಳಲ್ಲ, ಅರ್ಧ ನಿಜ. ಆದರೂ ಇದ್ದಿಲು ಕೈಯಿಂದ ಜಾರಿ ಬಿತ್ತು.

ಎರಡನೇ ವರ್ಷ ಬೋರ ಬಂದ. “ಹಿತ ಅಂದ್ರೆ ಯಾರು ಕರೀತಾರಪ್ಪ? ಎಣ್ಣೆ ಸ್ನಾನನೂ ಹಿತವೇ. ಇನ್ನೊಂಚೂರು ಗಟ್ಟಿಯಾಗಿ ಬರಿ.” ಗಿರಿಯ, ‘ಬೋರನ ಉಸಿರು ಬಲು ಉದ್ದ’ ಅಂತ ಬರೆದ. ಇದ್ದಿಲು ಮುರಿಯಿತು.

ಮೂರನೇ ವರ್ಷ ಬೋರ ಬಾಯಿ ಬಿಟ್ಟು ಕೇಳಲೂ ಇಲ್ಲ. ಬಂದು ಜಗಲಿ ಮೇಲೆ ಸುಮ್ಮನೆ ಕೂತ, ಅಷ್ಟೇ. ಗಿರಿಯನೇ ಎದ್ದು ಪುಟ್ಟಮಲ್ಲನ ಸಾಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ. ಅದೇ ಜಾಗದಲ್ಲಿ ಬರೆದ, ‘ಬೋರನ ಉಸಿರು ಹೊಳೆ, ಕಡಿಯುವುದಿಲ್ಲ.’ ಈ ಸಲ ಇದ್ದಿಲು ಜಾರಲಿಲ್ಲ, ಮುರಿಯಲಿಲ್ಲ. ಕೈಗೆ ರೂಢಿಯಾಗಿತ್ತು. ಕೆಟ್ಟದ್ದು ಅದೇ ನೋಡಿ.

ಅದೇ ಹೊತ್ತಿಗೆ ರಾಜನ ಮಗಳಿಗೆ ಮದುವೆ ಕೂಡಿ ಬಂತು. ಅರಮನೆಯ ಓಲಗದ ಮುದುಕನಿಗೆ ಮುಂದಿನ ಹಲ್ಲೆಲ್ಲ ಉದುರಿ, ಊದಿದರೆ ಬರೀ ಗಾಳಿ. ರಾಜ ಆಳನ್ನು ಕರೆದು, “ಕವಲೂರಿನ ಗೋಡೆ ನೋಡ್ಕೊಂಡು ಬಾ” ಅಂದ. ಆಳು ಬಂದ, ಓದಿದ, ಬೋರನಿಗೆ ವೀಳ್ಯ ಕೊಟ್ಟು ಹೋದ. ಕೆಂಚಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಬೋರ ಗಿರಿಯನನ್ನು ತಬ್ಬಿಕೊಂಡು, “ನಿನ್ನ ಕೈ ಬಂಗಾರ ಕಣ್ಲಾ” ಅಂದ. ಗಿರಿಯನಿಗೆ ಅವತ್ತು ಮುದ್ದೆ ಇಳಿಯಲಿಲ್ಲ.

ತಾಳಿ ಕಟ್ಟುವಾಗ ಗಟ್ಟಿಮೇಳ ಯಾಕೆ ಬಾರಿಸುತ್ತಾರೆ ಗೊತ್ತಲ್ಲ? ಆ ಗಳಿಗೆಯಲ್ಲಿ ಯಾರದ್ದೋ ಸೀನು, ಯಾರದ್ದೋ ಕೆಟ್ಟ ಮಾತು ವಧೂವರರ ಕಿವಿಗೆ ಬೀಳಬಾರದು ಅಂತ. ಬಡವರ ಮನೆ ಗಟ್ಟಿಮೇಳ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ. ಅರಮನೆಯದು ಹಾಗಲ್ಲ. ಮೂರು ಗಂಟು, ಒಂದೊಂದು ಗಂಟಿಗೂ ಒಂದೊಂದು ಮಂತ್ರ. ಡೋಲನ್ನು ಬಾರಿಸದೆ ಹೊರಗಿನ ಅಂಗಳದಲ್ಲಿ ಇಡುತ್ತಾರೆ, ಮಂಟಪದ ಒಳಗೆ ಓಲಗ ಒಂದೇ. ಅದು ಆ ಮನೆತನದ ಪದ್ಧತಿ.

“ಗಟ್ಟಿಮೇಳ” ಅಂದರು ಪುರೋಹಿತರು. ಬೋರ ಊದಿದ. ಒಂದನೇ ಗಂಟು ಬಿತ್ತು, ಓಲಗ ಜೇನಿನ ಹಾಗೆ ಸುರಿಯಿತು. ಎರಡನೇ ಗಂಟು ಬಿತ್ತು, ಬೋರನ ಕತ್ತಿನ ನರ ಉಬ್ಬಿತು. ಮೂರನೇ ಗಂಟಿಗೆ ಗಂಡು ಕೈ ಹಾಕಿದ, ಉಸಿರು ಕಡಿಯಿತು. ಅಷ್ಟು ದೊಡ್ಡ ಮಂಟಪ ಖಾಲಿ ಕೊಡದ ಹಾಗಾಯಿತು. ಆ ಖಾಲಿಯೊಳಗೆ, ನಶ್ಯದ ಚಟವಿದ್ದ ಗಂಡಿನ ಸೋದರಮಾವ ಗಟ್ಟಿಯಾಗಿ ಸೀನಿದ.

ಗಂಡಿನ ತಂದೆ ಕೈ ಎತ್ತಿದ. “ನಿಲ್ಸಿ. ಅಪಶಕುನ.” ಬಿದ್ದ ಎರಡು ಗಂಟನ್ನೂ ಬಿಚ್ಚಿಸಿದರು. ಸಂಜೆಗೆ ಇನ್ನೊಂದು ಮುಹೂರ್ತ ಹುಡುಕಿದರು. ಕುದುರೆ ಕಳಿಸಿ ಪುಟ್ಟಮಲ್ಲನನ್ನು ಕರೆಸಿದರು. ಅವನು ಊದಿದ, ಮೂರು ಗಂಟೂ ಬಿದ್ದವು. ಗಂಡಿನ ಸೋದರಮಾವ ಸಂಜೆಯೂ ಸೀನಿದನಂತೆ, ಯಾರಿಗೂ ಕೇಳಲಿಲ್ಲ.

ಮಾರನೇ ದಿನ ರಾಜ ಗಿರಿಯನನ್ನು ಕರೆಸಿದ. ಪಕ್ಕದಲ್ಲಿ ಬೋರ ತಲೆ ತಗ್ಗಿಸಿ ನಿಂತಿದ್ದ.

“ಏನಯ್ಯ, ಇವನ ಉಸಿರು ಕಡಿಯೋದು ನಿನಗೆ ಗೊತ್ತಿತ್ತೋ ಇಲ್ವೋ?”

ಗಿರಿಯ ಜಾಣತನ ಮಾಡಿದ. “ಇಲ್ಲ ಬುದ್ಧಿ. ನನ್ನ ಕಿವಿ ಈಚೆಗೆ ಅಷ್ಟು ಸರಿ ಇಲ್ಲ.”

“ಕಿವಿ ಸರಿ ಇಲ್ಲದೋನಿಗೆ ನನ್ನ ಛತ್ರದ ಗೋಡೆ ಯಾಕಯ್ಯ? ನಾಳೆ ಸುಣ್ಣ ಹೊಡೆಸ್ತೀನಿ, ಮತ್ತೆ ಮುಟ್ಟಬೇಡ.”

ಗೋಡೆ ಹೋದರೆ ಗಿರಿಯನಿಗೇನು ಉಳಿಯಿತು? ತಡಬಡಿಸಿದ. “ಕಿವಿ ಸರಿ ಐತೆ ಬುದ್ಧಿ. ಗೊತ್ತಿತ್ತು. ಗೆಳೆಯ ಅಂತ ಬರೆದೆ.”

ರಾಜ ಸಿಟ್ಟಾಗಲಿಲ್ಲ. ಮೆಲ್ಲಗೆ ಮೂರನೇದು ಕೇಳಿದ. “ಸರಿ, ಗೆಳೆಯ. ಊರಿಗೆ ಹೇಳಲಿಲ್ಲ, ಒಪ್ಪಿದೆ. ಆ ಗೆಳೆಯನಿಗಾದ್ರೂ ಹೇಳಿದ್ಯಾ?”

“ಇಲ್ಲ ಬುದ್ಧಿ” ಅಂದ ಗಿರಿಯ, ಈ ಸಲ ಜಾಣತನ ಮಾಡದೆ. ರಾಜ, “ಹೋಗು. ಗೋಡೆ ನಿನ್ನದೇ. ಬರಕೊಂಡು ಇರು. ಅದೇ ನಿನಗೆ ಶಿಕ್ಷೆ” ಅಂದ. ಆ ಮಾತು ಗಿರಿಯನಿಗೆ ಆಗ ಅರ್ಥವಾಗಲಿಲ್ಲ.

ಅರಮನೆ ಬಾಗಿಲು ದಾಟಿದ ಮೇಲೆ ಬೋರ ನಿಂತ.

“ನಿಂಗೆ ಗೊತ್ತಿತ್ತು.”

“ಹೂಂ.”

“ಎಷ್ಟು ಕಾಲದಿಂದ?”

“ಮೊದಲಿಂದ.”

ಬೋರ ಓಲಗದ ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ. “ಗೋಡೆ ಬರೀ ಊರೋರು ಓದ್ತಾರೆ ಅಂದ್ಕೊಂಡ್ಯಾ ಗಿರಿಯ? ನಾನೂ ಓದ್ದೆ. ಹೋಗ್ತಾ ಬರ್ತಾ ಓದ್ದೆ. ನನ್ನ ಉಸಿರು ಹೊಳೆ ಅಂತ ನಾನೂ ನಂಬಿಬಿಟ್ಟೆ ಕಣಪ್ಪ. ಮುದ್ದೆ ಮುರೀತಾ ಒಂದು ಮಾತು ಅಂದಿದ್ರೆ ಆಗ್ತಿತ್ತು. ಅವತ್ತೇ ತಿದ್ಕೋತಿದ್ದೆ.”

ಬೋರ ಊರಿಗೆ ಹೋಗಲಿಲ್ಲ. ನೆಟ್ಟಗೆ ಪುಟ್ಟಮಲ್ಲನ ಮನೆಗೆ ಹೋದ. ಪುಟ್ಟಮಲ್ಲ ನಗಲಿಲ್ಲ. ಒಂದು ಮಡಕೆ ನೀರು ಇಟ್ಟ, ಪರಂಗಿ ಎಲೆಯ ಟೊಳ್ಳು ದಂಟು ಕೈಗೆ ಕೊಟ್ಟ. “ಊದು ಬೋರಣ್ಣ. ಮೂಗಲ್ಲಿ ಎಳ್ಕೊ, ಕೆನ್ನೇಲಿ ತಳ್ಳು. ನೀರಲ್ಲಿ ಗುಳ್ಳೆ ನಿಲ್ಲಬಾರದು. ನಾನೂ ಹೀಗೇ ಕಲ್ತಿದ್ದು” ಅಂದ. ಬೋರ ಊದಿದ. ಗುಳ್ಳೆ ನಿಂತಿತು. ಊದಿದ. ನಿಂತಿತು. ಬೇಸಿಗೆ ಹೋಗಿ, ಮಳೆ ಹೋಗಿ, ಕುಯ್ಲಿನ ಹೊತ್ತಿಗೆ ಗುಳ್ಳೆ ನಿಲ್ಲುವುದನ್ನು ಬಿಟ್ಟಿತು.

ಕವಲೂರಿಗೆ ವಾಪಸು ಬಂದವನು ಕೆರೆ ಏರಿ ಮೇಲೆ ಕೂತು ಊದಿದ. ಗಿರಿಯ ಛತ್ರದ ಜಗಲಿಯಿಂದ ಕೇಳಿದ. ಈಗ ಕಡಿಯುತ್ತದೆ, ಈಗ ಕಡಿಯುತ್ತದೆ ಅಂತ ತನ್ನ ಉಸಿರು ಹಿಡಿದು ಕಾದ. ಗಿರಿಯನ ಉಸಿರೇ ಮುಗಿಯಿತು, ಬೋರನದು ಮುಗಿಯಲಿಲ್ಲ. ಕಣ್ಣೊರೆಸಿಕೊಂಡು ಗೋಡೆಗೆ ಓಡಿ, ಹಿಂದೆಯೇ ಒರೆಸಿದ್ದ ಸುಳ್ಳು ಸಾಲಿನ ಜಾಗದಲ್ಲಿ ದೊಡ್ಡಕ್ಷರದಲ್ಲಿ ಬರೆದ, ‘ಬೋರನ ಉಸಿರು ಹೊಳೆ, ಕಡಿಯುವುದಿಲ್ಲ.’

ಎಣ್ಣೆ ವ್ಯಾಪಾರಿ ಬಂದು ಓದಿದ. “ಇದನ್ನ ಮೊದಲೂ ಓದಿದ್ದೆ” ಅಂದ. ಮಗನ ಮದುವೆಗೆ ಮೇಳ ಹುಡುಕುತ್ತಿದ್ದ ಗೌಡ ಓದಿದ. “ರಾಜನ ಮಗಳ ತಾಳಿ ಬಿಚ್ಚಿಸಿದೋನು ಇವನೇ ಅಲ್ವಾ?” ಅಂತ ಬೇರೆಯವರನ್ನು ಕರೆದ. ಬಳೆಗಾರ್ತಿ ಯಾರ ಕೈಲೋ ಓದಿಸಿಕೊಂಡಳು. “ಮುದ್ದೆ ಋಣ” ಅಂದು ನಕ್ಕಳು.

“ಈ ಸಲ ನಿಜ ಕಣ್ರವ್ವ” ಅಂದ ಗಿರಿಯ.

“ಹೋದ ಸಲ ಏನಾಗಿತ್ತಪ್ಪ?” ಅಂದಳು ಅವಳು.

ರಾಜನ ಶಿಕ್ಷೆ ಯಾವುದು ಅಂತ ಗಿರಿಯನಿಗೆ ಆಗ ತಿಳಿಯಿತು. ಇದ್ದಿಲಿತ್ತು, ಗೋಡೆಯಿತ್ತು, ಕೈಯಿತ್ತು. ಬರೆದದ್ದಕ್ಕೆ ಬೆಲೆ ಮಾತ್ರ ಇರಲಿಲ್ಲ.

ಸಂಜೆ ಬೋರ ಬಂದ. ಗೋಡೆ ಮುಂದೆ ನಿಂತು ತನ್ನ ಸಾಲು ಓದಿದ.

“ಗಿರಿಯ, ಒಂದು ಉಪಕಾರ ಮಾಡ್ತೀಯಾ?”

“ಹೇಳು ಬೋರ. ಏನ್ ಬೇಕಾದ್ರೂ ಮಾಡ್ತೀನಿ.”

“ಇದನ್ನ ಒರೆಸಿಬಿಡು. ನೀನು ಹೊಗಳಿದೀಯ ಅಂತಲೇ ಜನ ನನ್ನ ಕರೀತಿಲ್ಲ.”

ಗಿರಿಯ ಬಟ್ಟೆ ಒದ್ದೆ ಮಾಡಿಕೊಂಡು ಬಂದ. ತಾನು ಗೆಳೆಯನ ಮೇಲೆ ಬರೆದ ಪೂರ್ತಿ ನಿಜವಾದ ಒಂದೇ ಒಂದು ಸಾಲನ್ನು ತನ್ನ ಕೈಯಾರೆ ಒರೆಸಿದ.

ಆಮೇಲೆ ಬೋರ ಪುಟ್ಟಮಲ್ಲನ ಮೇಳದಲ್ಲಿ ಎರಡನೆಯವನಾಗಿ ಊದಿದ. ಜನ ತಮ್ಮ ಕಿವಿಯಲ್ಲೇ ಕೇಳಿದರು, ನಂಬಿದರು, ಕರೆದರು. ಗಿರಿಯ ಬಂದಾಗ ಕೆಂಚಮ್ಮ ಈಗಲೂ ಮುದ್ದೆ ಬಡಿಸುತ್ತಾಳೆ. ಬೋರ ಪಕ್ಕದಲ್ಲೇ ಕೂತು ಉಣ್ಣುತ್ತಾನೆ. ಮಳೆ ಬೆಳೆ ಮಾತಾಡುತ್ತಾರೆ. ಓಲಗದ ಮಾತು ಮಾತ್ರ ಇಬ್ಬರೂ ಎತ್ತುವುದಿಲ್ಲ.

ಇದರ ನೀತಿ ಇಷ್ಟೇ ಕಣ್ರಪ್ಪ. ಗೆಳೆಯನ ಕುಂದನ್ನು ಮೊದಲು ಗೆಳೆಯನ ಕಿವಿಗೆ ಹೇಳಿ. ಗೋಡೆಗೆ ಬರೆಯುವಾಗ ಗೋಡೆಗೆ ನಿಯತ್ತಾಗಿರಿ. ಎರಡನ್ನೂ ಮಾಡಲಾರದವನು ಇದ್ದಿಲು ಕೆಳಗಿಟ್ಟು ಸುಮ್ಮನೆ ಕಂಬಕ್ಕೊರಗಿ ಕೇಳುವುದು ಲೇಸು. ಹೊಗಳಿಕೆಯ ಸುಳ್ಳು ಅಂದ ದಿನ ಸಿಹಿ. ಮುಂದೆ ನಿಜ ಹೇಳಬೇಕಾದ ದಿನ ಅದು ಬಾಯಿ ಕಟ್ಟುತ್ತದೆ. ಕತೆ ಕವಲೂರಲ್ಲೇ ಉಳಿಯಿತು, ನಾವು ನಮ್ಮ ದಾರಿ ಹಿಡಿಯೋಣ.