ಗೀಜಗ ಮೇಸ್ತ್ರಿಯ ಅರ್ಧ ಪಾಠ

ಕೆರೆಯಂಚಿನ ಜಾಲಿಮರದಲ್ಲಿ ಗೂಡು ಕಟ್ಟಿಸುವ ಭರಾಟೆ ಎದ್ದಾಗ, ಊರ ಹಕ್ಕಿಗಳಿಗೂ ಕೆಲಸ ಸಿಗಲೆಂದು ಯಜಮಾನ ಕಾಗೆ ಹೊರಗಿನಿಂದ ಗೀಜಗ ಮೇಸ್ತ್ರಿಯನ್ನು ತರಬೇತಿ ಕೊಡಲು ಕರೆಸಿದ. "ಇಡೀ ಗೂಡು ಕಟ್ಟಿ ತೋರಿಸಿದವರಿಗೇ ಕೆಲಸ," ಎಂದ. ಗುಬ್ಬಿ ಹಗಲೆಲ್ಲ ಹುಲ್ಲು ಸೀಳಿ, ಗಂಟು ಹಾಕಿ, ಮೇಲಿನಿಂದ ಕೆಳಕ್ಕೆ ನೇಯುವ ಆ ಗೂಡಿನ ಚಾವಣಿಯಷ್ಟನ್ನು ಕಲಿತಳು. ಅಷ್ಟರಲ್ಲಿ ಮೇಸ್ತ್ರಿ ಗರಿ ತೀಡಿಕೊಳ್ಳತೊಡಗಿದ.

"ಮೇಸ್ತ್ರಿಗಳೇ, ತಳ ಕಟ್ಟುವುದು ಯಾವಾಗ?"

"ಮೊದಲು ಹೆಣ್ಣೊಂದು ಬಂದು ಅರ್ಧ ಗೂಡು ನೋಡಿ ಒಪ್ಪಬೇಕು ಕಣಮ್ಮ, ತಳ ಆಮೇಲೆ. ಅದು ನಮ್ಮ ಕುಲದ ಪದ್ಧತಿ," ಎಂದವನೇ ಹೊಸ ಹೆಣ್ಣು ಹುಡುಕಲು ಹಾರಿದ. ಕಟ್ಟಿಕೊಂಡ ಹೆಂಡತಿ ಮೇಲಿನ ಕೊಂಬೆಯ ಗೂಡಿನಲ್ಲೇ ಮೊಟ್ಟೆಗೆ ಕಾವು ಕೊಡುತ್ತ ಕೂತಿದ್ದಳು, ನಾಚಿಕೆ ಬೇಡವೇ ಅವನಿಗೆ!

ಗುಬ್ಬಿ ಅವಳ ಬಳಿಗೇ ಹೋಗಿ, "ಅಕ್ಕಾ, ಕೆಲಸ ಕೈತಪ್ಪುತ್ತದೆ," ಎಂದು ಅತ್ತಳು.

"ಅಳಬೇಡವೇ. ಈ ಗೂಡಿಗೆ ಅವನು ತಳ ಹಾಕುವಾಗ ಪಕ್ಕದಲ್ಲೇ ಕೂತು ನೋಡಿದವಳು ನಾನು. ಬಾ, ಹೇಳಿಕೊಡುತ್ತೇನೆ. ಅವನ ಓಡಿಹೋಗುವ ವಿದ್ಯೆಯೊಂದನ್ನು ಮಾತ್ರ ಕಲಿಯಬೇಡ."

ಮೇಸ್ತ್ರಿ ಹೊಸಬಳನ್ನು ಕರೆತಂದು ತನ್ನ ಅರ್ಧ ಗೂಡಿನ ಮುಂದೆ ರೆಕ್ಕೆ ಬಡಿದು ಕುಣಿದ. ಅವಳು ಅದನ್ನೊಮ್ಮೆ ನೋಡಿದಳು, ಗುಬ್ಬಿ ಕಟ್ಟಿ ಮುಗಿಸಿದ್ದ ಗೂಡನ್ನೊಮ್ಮೆ ನೋಡಿದಳು.

"ಯಜಮಾನರೇ, ಅದನ್ನು ಕಟ್ಟಿದ ಮೇಸ್ತ್ರಿ ಯಾರು?" ಎಂದು ಕೆಲಸ ನೋಡಲು ಬಂದಿದ್ದ ಕಾಗೆಯನ್ನು ಕೇಳಿದಳು.

"ನಮ್ಮೂರವಳೇ," ಎಂದ ಕಾಗೆ.